ರೋಬೋಟ್ ವ್ಯಾಕ್ಯೂಮ್ ಕ್ಲೀನರ್ ಒಳಗೆ ಕೂತ ಧೂಳು ತೆಗೆಯೋದು ಹೇಗೆ? ಬ್ಲೋವರ್ ಹೊಡೆಯಬಹುದಾ?

ಡಬ್ಬಿಯನ್ನು ದಿನಾ ಖಾಲಿ ಮಾಡ್ತಿದ್ದೀವಿ, ಆದರೂ ಧೂಳು ಸರಿಯಾಗಿ ಎಳೆಯಲ್ಲ, ಸದ್ದು ಮಾತ್ರ ಜೋರಾಗಿದೆ, ಸಮತಟ್ಟಾದ ಹಾಲ್‌ನಲ್ಲೇ ಒಮ್ಮೊಮ್ಮೆ ಹಿಂದಕ್ಕೆ ಸರಿದು ನಿಂತುಬಿಡುತ್ತೆ ಅಂತ ಬರೆದಿದ್ದೀರಿ. ಬ್ಲೋವರ್ ಹೊಡೆಯಬಹುದಾ ಅಂತಲೂ ಕೇಳಿದ್ದೀರಿ. ಬ್ಲೋವರ್ ದಯವಿಟ್ಟು ಬೇಡ. ನೀವು ಹೇಳಿದ ಲಕ್ಷಣ ನೋಡಿದರೆ ಮೆಷಿನ್ ಕೆಟ್ಟಿರೋ ಸಾಧ್ಯತೆ ಕಡಿಮೆ. ಗಾಳಿ ಹೋಗೋ ದಾರಿ ಕಟ್ಟಿಕೊಂಡಿದೆ, ಅಷ್ಟೇ.

ಗಾಳಿ ಕೆಳಗಿನ ಬ್ರಷ್ ಹತ್ತಿರ ಒಳಗೆ ಬಂದು, ಡಬ್ಬಿ ದಾಟಿ, ಫಿಲ್ಟರ್ ಮೂಲಕ ಫ್ಯಾನಿಗೆ ಹೋಗಿ, ಹಿಂದಿನ ಜಾಲರಿಯಿಂದ ಆಚೆ ಬರುತ್ತೆ. ಡಬ್ಬಿಯಲ್ಲಿ ಕಣ್ಣಿಗೆ ಕಾಣೋ ಕಸದಿಂದ ದೊಡ್ಡ ತೊಂದರೆ ಏನಿಲ್ಲ. ಹಿಟ್ಟಿನಂಥ ನುಣುಪು ಧೂಳು ಫಿಲ್ಟರಿನ ಮಡಿಕೆಗಳಲ್ಲಿ ಕೂತಿರುತ್ತಲ್ಲ, ಉಸಿರು ಕಟ್ಟಿಸೋದು ಅದು. ನಿಜವಾದ ಹೆಪಾ ಫಿಲ್ಟರ್ ಅಂದರೆ 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಶೇ 99.97ರಷ್ಟನ್ನು ಹಿಡಿಯಬೇಕು. ಅಷ್ಟು ಒತ್ತಾದ ಹಾಳೆ ಬೇಗ ಕಟ್ಟಿಕೊಳ್ಳೋದು ಸಹಜ. ನಾನಿರೋದು ಬೆಂಗಳೂರಿನಲ್ಲಿ, ಪಕ್ಕದ ಸೈಟಿನಲ್ಲಿ ಕಟ್ಟಡ ಏಳ್ತಿದೆ. ಇಲ್ಲಿ ವಾರಕ್ಕೊಮ್ಮೆ ಫಿಲ್ಟರ್ ನೋಡದೇ ಇದ್ದರೆ ಸದ್ದಿನಲ್ಲೇ ಗೊತ್ತಾಗಿಬಿಡುತ್ತೆ.

ಮೊದಲು ಮೆಷಿನ್ ಪೂರ್ತಿ ಆಫ್ ಮಾಡಿ, ಚಾರ್ಜ್ ಆಗೋಕೆ ನಿಲ್ಲೋ ಡಾಕ್‌ನಿಂದ ತೆಗೆಯಿರಿ. ಬಾಲ್ಕನಿಯಲ್ಲಿ ಹಳೇ ನ್ಯೂಸ್‌ಪೇಪರ್ ಹಾಸಿಕೊಂಡು ಕೂತರೆ ಒಳ್ಳೇದು. ಮನೇಲಿ ಯಾರಿಗಾದರೂ ಡಸ್ಟ್ ಅಲರ್ಜಿ ಇದ್ದರೆ ಆ ಹೊತ್ತಿಗೆ ಅವರು ಒಳಗಿರಲಿ, ನೀವೂ ಮಾಸ್ಕ್ ಹಾಕ್ಕೊಳ್ಳಿ. ಡಬ್ಬಿಯಿಂದ ಫಿಲ್ಟರ್ ಬಿಡಿಸಿ, ಕೊಳೆ ಇರೋ ಮುಖ ಕೆಳಗೆ ಮಾಡಿ, ಅದರ ಪ್ಲಾಸ್ಟಿಕ್ ಚೌಕಟ್ಟನ್ನು ನೆಲಕ್ಕೆ ಮೆಲ್ಲಗೆ ಕುಟ್ಟಿ. ಬೂದಿಯ ಹಾಗೆ ಉದುರುತ್ತೆ. ಉದುರೋದು ನಿಂತ ಮೇಲೆ ಮೆತ್ತಗಿನ ಪೇಂಟ್ ಬ್ರಷ್‌ನಿಂದ ಮಡಿಕೆಯ ಉದ್ದಕ್ಕೂ ಸವರಿ, ಅಡ್ಡಡ್ಡ ಉಜ್ಜಬೇಡಿ, ಹಾಳೆ ಹರಿಯುತ್ತೆ. ಆಮೇಲೆ ಬೆಳಕಿಗೆ ಹಿಡಿದು ನೋಡಿ. ಎಲ್ಲೂ ಬೆಳಕು ಹಾಯದೇ ಕಪ್ಪಗೆ ಕಂಡರೆ ಅದರ ಕೆಲಸ ಮುಗಿದಿದೆ, ಹೊಸದು ಹಾಕಿ.

ತೊಳೆಯೋ ವಿಷಯ. ಮ್ಯಾನ್ಯುಯಲ್‌ನಲ್ಲಿ ತೊಳೆಯಬಹುದು ಅಂತ ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ ತೊಳೆಯಿರಿ, ಅದೂ ಬರೀ ತಣ್ಣೀರಿನಲ್ಲಿ, ಸೋಪು ಬೇಡ. ನೆರಳಲ್ಲಿ, ಗಾಳಿ ಆಡೋ ಕಡೆ ಕಡಿಮೆ ಅಂದರೂ 24 ಗಂಟೆ ಒಣಗಬೇಕು. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿ, ಮಲೆನಾಡಿನ ಕಡೆ ಅಷ್ಟು ಸಾಲದು. ಮುಟ್ಟಿದರೆ ಒಣಗಿದ ಹಾಗೆ ಅನಿಸಿದರೂ ಮಡಿಕೆಯ ಬುಡದಲ್ಲಿ ತೇವ ಉಳಿದಿರುತ್ತೆ. ಹಾಗೇ ಹಾಕಿದರೆ ಧೂಳು ಕೆಸರಾಗಿ ಮೆತ್ತಿಕೊಳ್ಳುತ್ತೆ, ಮುಗ್ಗಲು ವಾಸನೆ ಬರುತ್ತೆ, ಮೋಟರಿಗೂ ಅಪಾಯ. ಎರಡು ಫಿಲ್ಟರ್ ಇಟ್ಕೊಂಡು ಒಂದಾದ ಮೇಲೊಂದು ಬಳಸೋದು ಎಲ್ಲಕ್ಕಿಂತ ಒಳ್ಳೇದು ಅಂತ ನನ್ನ ಗಟ್ಟಿ ಅಭಿಪ್ರಾಯ. ಆ ಖರ್ಚಿಗೆ ಹಿಂದೆ ಮುಂದೆ ನೋಡಬೇಡಿ.

ಇನ್ನು ಮೇನ್ ಬ್ರಷ್. ಮೆಷಿನ್ ಮಗುಚಿ ಹಾಕಿ, ಕ್ಲಿಪ್ ಒತ್ತಿ, ಬ್ರಷ್ ಎತ್ತಿ. ನಡುವೆ ಸುತ್ತಿರೋ ಕೂದಲು ಎಲ್ಲರಿಗೂ ಕಾಣುತ್ತೆ, ಎಲ್ಲರೂ ತೆಗೀತಾರೆ. ನೋಡಬೇಕಾದ್ದು ಎರಡು ತುದಿ. ತುಂಬಾ ಮಾಡೆಲ್‌ಗಳಲ್ಲಿ ಒಂದು ತುದಿಯ ಟೋಪಿ ಎಳೆದರೆ ಕೈಗೆ ಬರುತ್ತೆ. ಅದರಡಿ ಎಣ್ಣೆ ಹಚ್ಚಿದ ಉದ್ದ ಕೂದಲೂ ಧೂಳೂ ಸೇರಿ ಬಿಗಿಯಾದ ಬಳೆಯಂತೆ ಕೂತಿರುತ್ತೆ. ಬ್ರಷ್ ತಿರುಗೋಕೆ ಮೋಟರ್ ತಿಣುಕೋದು, ಬ್ಯಾಟರಿ ಬೇಗ ಇಳಿಯೋದು ಇದರಿಂದಲೇ. ಕತ್ತರಿಯ ತುದಿ ತೂರಿಸಿ ಒಂದು ಕಡೆ ಕತ್ತರಿಸಿದರೆ ಇಡೀ ಬಳೆ ಬಿಚ್ಚಿಕೊಳ್ಳುತ್ತೆ. ಹೊಲಿಗೆ ಬಿಚ್ಚೋ ಸೀಮ್ ರಿಪ್ಪರ್ ಮನೇಲಿದ್ದರೆ ಇನ್ನೂ ಸಲೀಸು, ರಬ್ಬರ್ ಪಟ್ಟಿಗೆ ತಾಗದ ಹಾಗೆ ನೋಡ್ಕೊಳ್ಳಿ. ಬ್ರಷ್ ಕೂರೋ ಗುಂಡಿಯ ಮೂಲೆಗಳಲ್ಲೂ ಒಣ ಟೂತ್‌ಬ್ರಷ್ ಆಡಿಸಿ. ಸೈಡ್ ಬ್ರಷ್‌ಗೆ ಸಾಮಾನ್ಯವಾಗಿ ಒಂದೇ ಸ್ಕ್ರೂ, ಅದರ ಬುಡದಲ್ಲೂ ಕೂದಲು ಇರುತ್ತೆ. ಮುಂದಿನ ಪುಟ್ಟ ಚಕ್ರವೂ ಹೆಚ್ಚಿನವುಗಳಲ್ಲಿ ಎಳೆದರೆ ಕಿತ್ತು ಬರುತ್ತೆ, ಅಚ್ಚಿಗೆ ಸುತ್ತಿದ್ದನ್ನು ಬಿಡಿಸಿ.

ಬ್ಲೋವರ್ ಯಾಕೆ ಬೇಡ ಅಂದರೆ, ಅದು ಧೂಳನ್ನು ತೆಗೆಯಲ್ಲ, ಇನ್ನೂ ಒಳಗೆ ತಳ್ಳುತ್ತೆ, ಬೇರಿಂಗಿಗೆ, ಸೆನ್ಸರ್ ಗೂಡಿಗೆ. ಆ ರಭಸಕ್ಕೆ ಒಳಗಿನ ಸಣ್ಣ ಫ್ಯಾನ್ ಅಡ್ಡಾದಿಡ್ಡಿ ತಿರುಗೋದೂ ಒಳ್ಳೇದಲ್ಲ. ಬೇರೆ ವ್ಯಾಕ್ಯೂಮ್ ಇದ್ದರೆ ಅದರಿಂದ ಹೀರಿಸಿ. ಡಬ್ಬಿ ತೆಗೆದ ಜಾಗದಲ್ಲಿ ಫ್ಯಾನಿನ ಬಾಯಿ ಕಾಣುತ್ತೆ, ಅಲ್ಲಿ ಒಣ ಇಯರ್ ಬಡ್ ಆಡಿಸಿ ನೋಡಿ. ಹೆಚ್ಚು ಕಡಿಮೆ ಶುಭ್ರವಾಗಿ ಬಂದರೆ ಚಿಂತೆ ಇಲ್ಲ. ದಪ್ಪಗೆ ಬೂದು ಧೂಳು ಮೆತ್ತಿಕೊಂಡು ಬಂದರೆ ಫಿಲ್ಟರ್ ಸರಿಯಾಗಿ ಕೂತಿಲ್ಲ, ಇಲ್ಲವೇ ಅದರ ಅಂಚಿನ ಫೋಮ್ ಸವೆದಿದೆ ಅಂತ ಅರ್ಥ. ಆಗ ಎಷ್ಟು ಕ್ಲೀನ್ ಮಾಡಿದರೂ ಮತ್ತೆ ಅದೇ ಕಥೆ, ಫಿಲ್ಟರ್ ಬದಲಿಸಬೇಕು.

ಹಿಂದಕ್ಕೆ ಸರಿಯೋದಕ್ಕೆ ಕಾರಣ ಬಹುಶಃ ತಳದ ಅಂಚಿನಲ್ಲಿರೋ ಕ್ಲಿಫ್ ಸೆನ್ಸರ್‌ಗಳು. ಅವು ನೆಲಕ್ಕೆ ಇನ್ಫ್ರಾರೆಡ್ ಬೆಳಕು ಬಿಟ್ಟು, ಅದು ವಾಪಸ್ ಬರೋದನ್ನು ಕಾಯ್ತವೆ. ಗಾಜಿನ ಮೇಲೆ ಧೂಳು ಕೂತರೆ ಬೆಳಕು ಸರಿಯಾಗಿ ಮರಳಲ್ಲ, ಮುಂದೆ ಮೆಟ್ಟಿಲಿದೆ ಅಂದುಕೊಂಡು ಮೆಷಿನ್ ಹಿಂದೆ ಸರಿಯುತ್ತೆ. ಕನ್ನಡಕ ಒರೆಸೋ ಒಣ ಬಟ್ಟೆಯಲ್ಲಿ ಒರೆಸಿ ಸಾಕು. ಚಾರ್ಜಿಂಗ್ ಪಟ್ಟಿಗಳನ್ನೂ ಅದೇ ಬಟ್ಟೆಯಲ್ಲಿ ಒರೆಸಿಬಿಡಿ. ಒರೆಸಿದ ಮೇಲೂ ಒಂದೇ ಜಾಗದಲ್ಲಿ ಹೀಗಾಗ್ತಿದ್ದರೆ ಅಲ್ಲಿ ಕಪ್ಪು ಕಾರ್ಪೆಟ್ ಇದೆಯಾ ನೋಡಿ, ಕಪ್ಪು ಬಣ್ಣ ಆ ಬೆಳಕನ್ನು ನುಂಗುತ್ತೆ.

ರಂಗೋಲಿ ಪುಡಿ, ಊದುಬತ್ತಿ ಬೂದಿ, ಚೆಲ್ಲಿದ ಹಿಟ್ಟು, ಡ್ರಿಲ್ ಹೊಡೆದ ಗೋಡೆಯ ಪುಡಿ, ಇವುಗಳ ಮೇಲೆ ಮಾತ್ರ ಇದನ್ನು ಓಡಿಸಬೇಡಿ, ಪೊರಕೆಯಲ್ಲೇ ಗುಡಿಸಿ ಎತ್ತಿ. ನೀರಿನ ಟ್ಯಾಂಕ್ ಇರೋ ಮಾಡೆಲ್ ಆದರೆ ಕೆಲಸ ಮುಗಿದ ಕೂಡಲೇ ಅದರ ನೆಲ ಒರೆಸೋ ಒದ್ದೆ ಬಟ್ಟೆ ಬಿಚ್ಚಿಡಿ.

ಇಷ್ಟೆಲ್ಲ ಮಾಡಿದ ಮೇಲೂ ಶಿಳ್ಳೆಯಂಥ ಸದ್ದು ನಿಲ್ಲದಿದ್ದರೆ ಫ್ಯಾನ್ ಬಿಚ್ಚಬೇಕಾಗುತ್ತೆ. ವಾರಂಟಿ ಇದ್ದರೆ ನೀವು ಸ್ಕ್ರೂ ಮುಟ್ಟಬೇಡಿ, ಸರ್ವಿಸ್‌ಗೆ ಕೊಡಿ. ವಾರಂಟಿ ಮುಗಿದಿದ್ದರೆ ಮಾಡೆಲ್ ಹೆಸರೂ ತಳಭಾಗದ ಒಂದು ಫೋಟೋನೂ ಇಲ್ಲಿ ಹಾಕಿ, ನೋಡಿ ಹೇಳ್ತೀನಿ.