ನೂರು ಸಸಿ ಬೇಡ, ಹನ್ನೆರಡು ಸಾಕು

ಪ್ರಶ್ನೆ: ನಮ್ಮ ಬೀದಿಯ ತುದಿಯಲ್ಲಿ ಒಂದು ಸಾರ್ವಜನಿಕ ಜಾಗ ಖಾಲಿ ಬಿದ್ದಿದೆ. ಅರ್ಧ ಕಸ, ಅರ್ಧ ಮುಳ್ಳುಕಂಟಿ. ಅಕ್ಕಪಕ್ಕದವರು ಸೇರಿ ಮೂರು ಭಾನುವಾರ ಚೊಕ್ಕಟ ಮಾಡಿದೆವು. ಮೊದಲ ವಾರ ಮೂವತ್ತು ಜನ, ಮೂರನೇ ವಾರ ನಾಲ್ಕೇ ಜನ. ಕಸ ಮಾತ್ರ ಮತ್ತೆ ಅಲ್ಲೇ. ಈಗ ಕೆಲವರು ‘ಒಂದೇ ದಿನ ನೂರು ಸಸಿ ನೆಟ್ಟುಬಿಡೋಣ, ಗಿಡ ಇದ್ದ ಕಡೆ ಯಾರೂ ಕಸ ಹಾಕಲ್ಲ’ ಅನ್ನುತ್ತಿದ್ದಾರೆ. ನೆಡೋದಾ ಮೇಡಂ?
— ನಾಲ್ವರಲ್ಲಿ ಒಬ್ಬರು

ಉತ್ತರ: ಬೇಡ. ಸದ್ಯಕ್ಕೆ ಬೇಡ. ನೂರಂತೂ ಬೇಡವೇ ಬೇಡ.

ಇಪ್ಪತ್ತೆಂಟು ವರ್ಷ ಸಸ್ಯಶಾಸ್ತ್ರ ಪಾಠ ಮಾಡಿದವಳು ನಾನು. ಆದರೂ ನಮ್ಮ ಬಡಾವಣೆಯಲ್ಲಿ ಒಂದೇ ಬೆಳಿಗ್ಗೆ ಅರವತ್ತು ಸಸಿ ನೆಡುವಾಗ ಎಲ್ಲರಿಗಿಂತ ಮುಂದೆ ನಿಂತವಳೂ ನಾನೇ. ಫೋಟೊ ತೆಗೆಸಿಕೊಂಡೆವು, ಕೈ ತೊಳೆದುಕೊಂಡೆವು. ವರ್ಷ ಕಳೆದು ಎಣಿಸಿದರೆ ಉಳಿದದ್ದು ಏಳು. ಒಣಗಿದ್ದೊಂದನ್ನು ಹಿಡಿದೆಳೆದೆ, ಸಡಿಲ ಗೂಟ ಕಿತ್ತ ಹಾಗೆ ಕೈಗೆ ಬಂತು. ಬೇರು ಒಂದಂಗುಲವೂ ಆಚೆಗೆ ಹೋಗಿರಲಿಲ್ಲ. ನರ್ಸರಿ ಚೀಲದ ಆಕಾರದಲ್ಲೇ ಸಿಂಬಿಯಂತೆ ಸುತ್ತಿಕೊಂಡು ಕೂತಿತ್ತು. ಪಕ್ಕಕ್ಕೆ ಕಪ್ಪು ಪ್ಲಾಸ್ಟಿಕ್ ಇನ್ನೂ ಅಂಟಿಕೊಂಡಿತ್ತು. ಅವಸರದಲ್ಲಿ ಯಾರೋ ಚೀಲದ ತಳ ಮಾತ್ರ ಹರಿದು ಹಾಗೇ ಹೂತಿದ್ದರು. ಯಾರೋ ಏನು ಬಂತು, ನಾನೇ ಇರಬಹುದು.

ಮೊದಲು ಕಸದ ವಿಷಯ. ಗಿಡ ಇದ್ದರೆ ಕಸ ಬೀಳಲ್ಲ ಅನ್ನೋದು ಅರ್ಧ ನಿಜ. ಪೂರಾ ನಿಜ ಏನೆಂದರೆ, ಕಸ ಕಸವನ್ನು ಕರೆಯುತ್ತದೆ. ರಾಬರ್ಟ್ ಚಾಲ್ಡೀನಿ ಎಂಬ ಮನಶ್ಶಾಸ್ತ್ರಜ್ಞರೂ ಅವರ ಜೊತೆಗಾರರೂ 1990ರಲ್ಲಿ ಪ್ರಕಟಿಸಿದ ಪ್ರಯೋಗಗಳಿವೆ. ನಿಲ್ಲಿಸಿದ ಕಾರುಗಳ ಗಾಜಿಗೆ ಕರಪತ್ರ ಸಿಕ್ಕಿಸಿ, ಯಾರು ಅದನ್ನು ನೆಲಕ್ಕೆ ಬಿಸಾಡುತ್ತಾರೆಂದು ಕಾದು ನೋಡಿದರು. ಮೊದಲೇ ಕಸ ಚೆಲ್ಲಿದ್ದ ಕಡೆ ಬಿಸಾಡಿದವರು ಹೆಚ್ಚು. ಇನ್ನೊಂದು ಪ್ರಯೋಗದಲ್ಲಿ, ಪೂರ್ತಿ ಚೊಕ್ಕಟವಾದ ಜಾಗಕ್ಕಿಂತ ಒಂದೇ ಒಂದು ಚೂರು ಕಸವಿದ್ದ ಜಾಗದಲ್ಲಿ ಬಿಸಾಡಿದವರು ಕಡಿಮೆ! ಆ ಒಂಟಿ ಚೂರು ಕಣ್ಣಿಗೆ ಚುಚ್ಚಿ ಉಳಿದ ಜಾಗ ಎಷ್ಟು ಚೊಕ್ಕಟ ಎಂದು ನೆನಪಿಸುತ್ತದಂತೆ. ಹಾಗಂತ ನೀವು ಬೇಕೆಂದೇ ಒಂದು ಚೂರು ಉಳಿಸಬೇಡಿ, ಅದು ತಾನಾಗಿ ಇದ್ದೇ ಇರುತ್ತದೆ.

ಹಾಗಾಗಿ ತಿಂಗಳಿಗೊಮ್ಮೆ ಮೂವತ್ತು ಜನ ಬಂದು ಗುಡಿಸುವುದಕ್ಕಿಂತ ದಿನಾ ಇಬ್ಬರು ಹತ್ತು ನಿಮಿಷ ಬಂದರೆ ಲೇಸು. ಅದಕ್ಕೂ ಮೊದಲು ಒಂದು ವಾರ ಸುಮ್ಮನೆ ನೋಡಿ. ಕಸ ಯಾವ ಹೊತ್ತಿಗೆ ಬೀಳುತ್ತದೆ, ಯಾವ ಬಗೆಯದು, ಬರೆದಿಡಿ. ಎಸ್ಟೋನಿಯಾದಲ್ಲಿ 2008ರ ಮೇ 3ರಂದು ಸುಮಾರು 50,000 ಜನ ಸೇರಿ ಒಂದೇ ದಿನದಲ್ಲಿ 10,000 ಟನ್ ಕಸ ಎತ್ತಿದ್ದನ್ನು ಎಲ್ಲರೂ ಹೊಗಳುತ್ತಾರೆ. ಅದಕ್ಕೆ ಮುಂಚೆ ಸ್ವಯಂಸೇವಕರು ದೇಶವೆಲ್ಲ ತಿರುಗಿ ಎಲ್ಲೆಲ್ಲಿ ಕಸದ ರಾಶಿಯಿದೆ ಎಂದು ಫೋಟೊ ಸಮೇತ ಗುರುತು ಮಾಡಿಟ್ಟಿದ್ದರು, ಆ ಮಾತು ಯಾರೂ ಆಡುವುದಿಲ್ಲ. ನಾವೂ ನಮ್ಮ ರಾಶಿ ಕೆದಕಿದೆವು. ಹೊರಗಿನವರು ತಂದು ಸುರಿಯುತ್ತಾರೆಂದು ಬೈದುಕೊಳ್ಳುತ್ತಿದ್ದೆವಲ್ಲ, ಒಂದು ಚೀಲ ಬಿಚ್ಚಿದರೆ ಮೇಲೇ ಇದ್ದ ಲಕೋಟೆಯಲ್ಲಿ ನಮ್ಮ ಮನೆಯ ವಿಳಾಸ! ಆಮೇಲೆ ಯಾರ ಮೇಲೂ ಕೂಗಾಡುವ ಮುಖ ನನಗೆ ಉಳಿಯಲಿಲ್ಲ. ಕಸದ ಗಾಡಿ ಬರುವ ಮೊದಲೇ ಕೆಲಸಕ್ಕೆ ಹೊರಡುವವರು ಚೀಲವನ್ನು ಅಲ್ಲಿಟ್ಟು ಹೋಗುತ್ತಿದ್ದರು, ಅಷ್ಟೆ. ಪಕ್ಕದ ಮನೆಯವರು ಇಸಿದುಕೊಂಡು ಗಾಡಿಗೆ ಹಾಕುವ ಏರ್ಪಾಡು ಮಾಡಿದೆವು, ರಾಶಿ ಅರ್ಧಕ್ಕಿಳಿಯಿತು.

ಇನ್ನು ಸಸಿ. ಕೆನ್ಯಾದಲ್ಲಿ ವಂಗಾರಿ ಮಾಥಾಯ್ 1977ರಲ್ಲಿ ಹಸಿರು ಪಟ್ಟಿ ಚಳವಳಿ ಆರಂಭಿಸಿದರು, 2004ರಲ್ಲಿ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಅವರ ಚಳವಳಿಯಲ್ಲಿ ಹಳ್ಳಿಯ ಹೆಂಗಸರಿಗೆ ಪುಟ್ಟ ಮೊತ್ತವೊಂದು ಸಿಗುತ್ತಿತ್ತು. ನೆಟ್ಟದ್ದಕ್ಕಲ್ಲ, ಬದುಕಿದ ಸಸಿಗೆ. ನೀವೂ ಬದುಕಿದ್ದನ್ನೇ ಎಣಿಸಿ.

ಲೆಕ್ಕ ಹೀಗೆ. ನೀವು ಗಟ್ಟಿಯಾಗಿ ನಿಂತವರು ನಾಲ್ವರು. ತಲೆಗೆ ಮೂರರಂತೆ ಹನ್ನೆರಡು ಸಸಿ. ಬಿರುಬಿಸಿಲಿನಲ್ಲಿ ಒಂದೊಂದಕ್ಕೆ ವಾರಕ್ಕೆರಡು ಸಲ ಹತ್ತು ಲೀಟರಿನ ಒಂದು ಬಕೆಟ್ ಅಂದುಕೊಳ್ಳಿ. ಒಬ್ಬೊಬ್ಬರು ಮೂರು ಬಕೆಟ್ ಹೊತ್ತರೆ ಮುಗಿಯಿತು. ನೂರು ಸಸಿಯಾದರೆ ಸಾವಿರ ಲೀಟರ್, ತಲೆಗೆ ಇಪ್ಪತ್ತೈದು ಬಕೆಟ್, ಅದೂ ವಾರಕ್ಕೆರಡು ಸಲ. ಎರಡನೇ ವಾರಕ್ಕೆ ನಾಲ್ವರೂ ಇರುವುದಿಲ್ಲ. ದಿನಾ ಒಂದೊಂದು ಚೊಂಬು ಎರಚುತ್ತೇವೆ ಅನ್ನಬೇಡಿ. ಮೇಲಿನ ಮಣ್ಣು ಮಾತ್ರ ನೆನೆದರೆ ಬೇರು ಮೇಲೇ ಹರಡಿಕೊಂಡು ಬಿಸಿಲಿಗೆ ಬೇಯುತ್ತದೆ.

ಜಾಗ ಯಾರ ಸುಪರ್ದಿಯಲ್ಲಿದೆಯೋ ಅವರಿಂದ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಮಳೆಗಾಲದ ಮೊದಲ ಮಳೆ ಚೆನ್ನಾಗಿ ಬಿದ್ದ ಮೇಲೆ, ಸಂಜೆ ಹೊತ್ತು ನೆಡಿ. ಗುಣಿಯ ಆಳ ಸಸಿಯ ಮಣ್ಣಿನ ಹೆಂಟೆಯಷ್ಟೇ ಸಾಕು, ಅಗಲ ಮಾತ್ರ ಎರಡು ಮೂರು ಪಟ್ಟು ಇರಲಿ. ಚೀಲವನ್ನು ಪೂರ್ತಿ ಸೀಳಿ ತೆಗೆಯಿರಿ, ಎಣಿಸಿ ಒಂದು ಕಡೆ ಇಡಿ. ಹನ್ನೆರಡು ಸಸಿಗೆ ಹನ್ನೆರಡು ಚೀಲ ಸಿಗಲೇಬೇಕು. ಬೇರು ಸುತ್ತಿಕೊಂಡಿದ್ದರೆ ಹೆಂಟೆಯ ಮೂರು ಕಡೆ ಚಾಕುವಿನಿಂದ ಮೇಲಿನಿಂದ ಕೆಳಕ್ಕೆ ಒಂದು ಗೀರು ಹಾಕಿ, ಹೆದರಬೇಡಿ. ಸುತ್ತ ಪಾತಿ ಮಾಡಿ ತರಗೆಲೆ ಹೊದಿಸಿ, ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಬಿಡಿ. ಊರುಗೋಲಿಗೆ ಹಳೇ ಬಟ್ಟೆಯಿಂದ ಸಡಿಲವಾಗಿ ಕಟ್ಟಿ. ಗಾಳಿಗೆ ತುಸು ಅಲುಗಿದರೇ ಕಾಂಡ ಬಲಿಯುವುದು. ವರ್ಷವಾದ ಮೇಲೆ ಬಿಚ್ಚಲು ಮರೆಯಬೇಡಿ, ಕಟ್ಟು ತೊಗಟೆಯೊಳಗೆ ಹೂತುಹೋದ ಮರಗಳನ್ನು ಬೇಕಾದಷ್ಟು ನೋಡಿದ್ದೇನೆ.

ಪ್ರಶ್ನೆ: ನಮ್ಮ ಪಾರ್ಕಿನ ತರಗೆಲೆಯನ್ನೆಲ್ಲ ಗುಡಿಸಿ ಹಿರಿಯರೊಬ್ಬರು ದಿನಾ ಬೆಂಕಿ ಹಾಕುತ್ತಾರೆ. ಸೊಳ್ಳೆಗೆ ಒಳ್ಳೆಯದು ಅನ್ನುತ್ತಾರೆ. ಹೇಗೆ ಹೇಳೋದು?

ಉತ್ತರ: ಹೇಳಬೇಡಿ, ಕೇಳಿ. ‘ನಿಮ್ಮ ಎಲೆ ನಮಗೆ ಬೇಕು, ಈ ಮೂಲೆಯಲ್ಲಿ ಸುರಿದುಕೊಡ್ತೀರಾ?’ ಅನ್ನಿ. ಹೊಗೆಯ ಸಣ್ಣ ಕಣಗಳು ಎಲ್ಲರಿಗಿಂತ ಮೊದಲು ಅವರ ಎದೆಗೇ ಇಳಿಯುತ್ತವೆ ಎಂದು ಆಮೇಲೊಂದು ದಿನ ಹೇಳಿದರಾಯಿತು. ಮೂರಡಿ ಉದ್ದ, ಮೂರಡಿ ಅಗಲ, ಮೂರಡಿ ಎತ್ತರದ ಜಾಲರಿ ಗೂಡು ಸಾಕು. ಮೂರು ಪಾಲು ಒಣಗೆಲೆಗೆ ಒಂದು ಪಾಲು ಹಸಿ ಹುಲ್ಲು. ಹಿಂಡಿದ ಬಟ್ಟೆಯಷ್ಟು ತೇವ. ಆಗಾಗ ಮಗುಚಿ. ಕೆಟ್ಟ ವಾಸನೆ ಬಂದರೆ ನೀರು ಹೆಚ್ಚಾಗಿದೆ, ಇನ್ನಷ್ಟು ಒಣಗೆಲೆ ಸೇರಿಸಿ.

ಪ್ರಶ್ನೆ: ಕಸದಲ್ಲಿ ಗಾಜು, ಸಿರಿಂಜ್ ಸಿಗುತ್ತಿವೆ. ಮಕ್ಕಳೂ ಬರುತ್ತೇವೆ ಅನ್ನುತ್ತಿದ್ದಾರೆ.

ಉತ್ತರ: ಮಕ್ಕಳು ನೀರು ಹಾಕಲಿ, ರಾಶಿಯ ಹತ್ತಿರ ಬೇಡ. ದೊಡ್ಡವರಿಗೂ ದಪ್ಪ ಕೈಗವಸು, ಬೂಟು ಬೇಕೇ ಬೇಕು. ಚೀಲ ತುಂಬಿತೆಂದು ಕೈಯಿಂದಲೋ ಕಾಲಿನಿಂದಲೋ ಅದುಮಬೇಡಿ, ಗಾಯವಾಗುವುದು ಅಲ್ಲೇ. ಸಿರಿಂಜನ್ನು ಇಕ್ಕಳದಿಂದ ಎತ್ತಿ ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಮುಚ್ಚಿ, ಮೇಲೆ ಬರೆದು, ಪೌರಕಾರ್ಮಿಕರಿಗೆ ಹೇಳಿ ಬೇರೆಯಾಗಿಯೇ ಕೊಡಿ. ಚುಚ್ಚಿತೆಂದರೆ ಹಿಂಡದೆ, ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆದು ಅವತ್ತೇ ವೈದ್ಯರ ಹತ್ತಿರ ಹೋಗಿ. ಎಚ್‌ಐವಿ ತಡೆಯುವ ಔಷಧಿ 72 ಗಂಟೆಯೊಳಗೆ ಶುರುವಾಗಬೇಕು, ಬೇಗ ಆದಷ್ಟೂ ಒಳ್ಳೆಯದು.

ಪ್ರಶ್ನೆ: ಒಮ್ಮೆಯೂ ಬಾರದೆ, ದೂರದಲ್ಲಿ ನಿಂತು ಸಲಹೆ ಕೊಡುವವರನ್ನು ಏನು ಮಾಡೋದು?

ಉತ್ತರ: ನಮ್ಮಲ್ಲೂ ಒಬ್ಬರಿದ್ದಾರೆ. ಬೆನ್ನುನೋವು, ಪೊರಕೆ ಮುಟ್ಟುವುದಿಲ್ಲ. ಅವರ ಕೈಗೆ ಒಂದು ನೋಟ್‌ಬುಕ್ ಕೊಟ್ಟೆ. ಯಾವ ಸಸಿಗೆ ಯಾರು ನೀರು ಹಾಕಿದರು, ಯಾವುದು ಚಿಗುರಿತು, ಯಾವುದು ಬಾಡಿತು, ಎಲ್ಲ ಅದರಲ್ಲಿದೆ. ಈಗ ಬಕೆಟ್ ಹಿಡಿದು ಬಂದವರ ಹೆಸರು ಕೂಗಿ ಹಾಜರಿ ಹಾಕುತ್ತಾರೆ. ಹೋದ ತಿಂಗಳು ನನಗೆ ಎರಡು ಸಲ ಆಬ್ಸೆಂಟ್ ಹಾಕಿದ್ದಾರೆ.