ಬಿಎಸ್6 ಡೀಸೆಲ್ ಕಾರಿಗೆ ಲಾರಿ ಆಯಿಲ್ ಬೇಡ

ಹಾಸನದಿಂದ ವಾರವಾರ ಶಿರಾಡಿ ಘಾಟಿ ಇಳಿದು ಹತ್ತುವ ನಿಮ್ಮ ಬಿಎಸ್6 ಟರ್ಬೊ ಡೀಸೆಲ್ ಕಾರಿಗೆ, ಮೆಕ್ಯಾನಿಕ್ ಹೇಳಿದ ಸಿಐ-4 ದರ್ಜೆಯ ಲಾರಿ ಎಂಜಿನ್ ಆಯಿಲ್ ಹಾಕಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ ಸರ್. ಹಳೇ ಗಾಡಿಗಳಿಗೆ ಅದು ಒಳ್ಳೇ ಆಯಿಲ್ಲೇ. ಆದರೆ ಉರಿದಾಗ ಬೂದಿ ಜಾಸ್ತಿ. ಡಿಪಿಎಫ್‌ನಲ್ಲಿ, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್‌ನಲ್ಲಿ, ಕೂತ ಮಸಿ ರೀಜೆನರೇಷನ್ ಆದಾಗ (ಎಂಜಿನ್ ಸ್ವಲ್ಪ ಹೆಚ್ಚು ಡೀಸೆಲ್ ಬಿಟ್ಟು ಫಿಲ್ಟರ್ ಕಾಯಿಸಿದಾಗ) ಸುಟ್ಟುಹೋಗುತ್ತದೆ, ಬೂದಿ ಮಾತ್ರ ಅಲ್ಲೇ ಉಳಿಯುತ್ತದೆ. ಮ್ಯಾನ್ಯುಯಲ್‌ನಲ್ಲಿ ಸಿ2 ಅಥವಾ ಸಿ3 (ಬೂದಿ ಕಮ್ಮಿ ಇರುವ ಆಯಿಲ್ ದರ್ಜೆಗಳು) ಅಂತಿದ್ದರೆ ಡಬ್ಬದ ಮೇಲೂ ಅದೇ ಇರಬೇಕು.

ಊರೊಳಗೆ ಬರೀ ಎರಡ್ಮೂರು ಕಿಲೋಮೀಟರ್ ಓಡಿಸಿ ನಿಲ್ಲಿಸುತ್ತಿದ್ದರೆ ರೀಜೆನರೇಷನ್ ಅರ್ಧಕ್ಕೇ ನಿಲ್ಲುತ್ತದೆ. ಆಗ ಆಯಿಲ್‌ಗೆ ಡೀಸೆಲ್ ಸೇರಿ ತೆಳುವಾಗಬಹುದು. ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಮೇಲಿನ ಗುರುತು ದಾಟಿ, ಡೀಸೆಲ್ ವಾಸನೆ ಹೊಡೆದರೆ ಸರ್ವಿಸ್ ತಾರೀಕಿಗೆ ಕಾಯದೆ ಬದಲಾಯಿಸಿ. ಟರ್ಬೊ ಬೇರಿಂಗ್ ನಿಂತಿರುವುದೇ ಆ ಆಯಿಲ್ ಮೇಲೆ ಅಲ್ವಾ?