ಬಾಯ್ಲರ್ ಯಾವುದೆಂದು ಗೋಡೆಯನ್ನು ಕೇಳಿ

‘ಅಕ್ಕಾ, ಯಾವ ಕಂಪನಿಯ ಬಾಯ್ಲರ್ ತೆಗೆದುಕೊಳ್ಳಲಿ?’ ಎಂದು ಕೇಳಿದ್ದೀರಿ. ಇಂಗ್ಲೆಂಡಿಗೆ ಬಂದು ಒಂದು ವರ್ಷ, ಎರಡನೇ ಮಹಡಿಯ ಈ ಫ್ಲ್ಯಾಟ್ ಕೊಂಡು ಮೂರು ತಿಂಗಳು, ಮನೆಯನ್ನೂ ನೀರನ್ನೂ ಬಿಸಿ ಮಾಡುವ ಅನಿಲದ ಬಾಯ್ಲರ್ 2004ರದು, ಬಿಸಿನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬಾಯ್ಲರ್ ಕೂರಿಸುವ ಮೂವರು ಬಂದು ನೋಡಿದರು. ಒಬ್ಬರು 35 ಕಿಲೋವ್ಯಾಟ್‌ನದು ಹಾಕಿಸಿ ಎಂದರು, ಇನ್ನೊಬ್ಬರು ವಿದ್ಯುತ್ ಬಾಯ್ಲರ್‌ಗೆ ಹೋಗಿ ಎಂದರು, ಮೂರನೆಯವರು ಈ ಜಾಗದಲ್ಲಿ ಆಗುವುದೇ ಇಲ್ಲ ಎಂದು ಹೊರಟುಹೋದರು. ಅಕ್ಕಾ ಎಂದು ಕರೆದಿದ್ದೀರಿ, ಹಾಗಾಗಿ ನೇರವಾಗಿಯೇ ಹೇಳುತ್ತೇನೆ. ಕಂಪನಿಯ ಹೆಸರು ಕೊನೆಯ ಪ್ರಶ್ನೆ. ಹೊಗೆ ಎಲ್ಲಿಂದ ಹೊರಗೆ ಹೋಗುತ್ತದೆ, ನೀರು ಎಲ್ಲಿಗೆ ಹರಿಯುತ್ತದೆ, ಅನಿಲ ಯಾವ ಕೊಳವೆಯಲ್ಲಿ ಬರುತ್ತದೆ, ಗೋಡೆ ಯಾರದು? ಈ ನಾಲ್ಕಕ್ಕೆ ಉತ್ತರ ಸಿಕ್ಕ ದಿನ ನಿಮ್ಮ ಬಾಯ್ಲರ್ ತಾನಾಗಿಯೇ ಗೊತ್ತಾಗುತ್ತದೆ.

ಮೊದಲು ನೀರಿನ ಮಾತು, ಏಕೆಂದರೆ ನನಗೆ ಪೆಟ್ಟು ಬಿದ್ದದ್ದು ಅಲ್ಲಿಯೇ. ನಿಮ್ಮ ಹಳೆಯ ಬಾಯ್ಲರ್ ಬಿಸಿ ಹೊಗೆಯನ್ನು ಹಾಗೆಯೇ ಹೊರಗೆ ಬಿಡುವ ಕಾಲದ್ದು. 2005ರ ಏಪ್ರಿಲ್‌ನಿಂದ ಇಲ್ಲಿ ಹೊಸದಾಗಿ ಕೂರಿಸುವ ಅನಿಲ ಬಾಯ್ಲರ್, ತೀರಾ ಅಪವಾದಗಳನ್ನು ಬಿಟ್ಟರೆ, ಕಂಡೆನ್ಸಿಂಗ್ ಬಾಯ್ಲರ್ ಆಗಿರಲೇಬೇಕು. ಅದು ಹೊಗೆಯಲ್ಲಿರುವ ಆವಿಯನ್ನು ತಣಿಸಿ ಅದರ ಶಾಖವನ್ನೂ ಹಿಡಿದುಕೊಳ್ಳುತ್ತದೆ. ಆ ಆವಿ ನೀರಾಗುತ್ತದೆ, ಚಳಿಗಾಲದಲ್ಲಿ ದಿನಕ್ಕೆ ಹಲವು ಲೀಟರ್. ತುಸು ಆಮ್ಲೀಯವಾದ ಈ ನೀರು ಪ್ಲಾಸ್ಟಿಕ್ ಕೊಳವೆಯಲ್ಲಿ ಇಳಿಜಾರಾಗಿ ಹರಿದು ಚರಂಡಿ ಸೇರಬೇಕು. ನಿಮ್ಮ ಬಾಯ್ಲರ್ ಇರುವುದು ಮನೆಯೊಳಗೆ ಕೋಣೆಗಳ ನಡುವಿನ ಓಣಿಯ ಕಪಾಟಿನಲ್ಲಿ, ಅಡುಗೆಮನೆಯ ಸಿಂಕ್ ಇರುವುದು ಮನೆಯ ಇನ್ನೊಂದು ತುದಿಯಲ್ಲಿ. ‘ಆಗುವುದಿಲ್ಲ’ ಎಂದವರು ಬಹುಶಃ ಇಷ್ಟನ್ನೇ ನೋಡಿದ್ದಾರೆ.

ನನ್ನ ಮೊದಲ ಮನೆಯಲ್ಲಿ ಈ ಕೊಳವೆಯನ್ನು ಹೊರಗೋಡೆಯ ಮೇಲೆ ಎಳೆದಿದ್ದರು. ಸಪೂರ ಕೊಳವೆ, ಮೇಲೆ ಹೊದಿಕೆಯೂ ಇಲ್ಲ. 2010ರ ಡಿಸೆಂಬರ್ ಬಂತು. 1910ರಿಂದ ಲೆಕ್ಕ ಇಟ್ಟ ಮೇಲೆ ಈ ದೇಶ ಕಂಡ ಅತಿ ತಣ್ಣನೆಯ ಡಿಸೆಂಬರ್ ಅದು. ಒಂದು ನಸುಕಿನಲ್ಲಿ ಬಾಯ್ಲರ್ ಗೊಳಗೊಳ ಸದ್ದು ಮಾಡಿ ನಿಂತಿತು. ಕೊಳವೆಯೊಳಗೆ ನೀರು ಹೆಪ್ಪುಗಟ್ಟಿತ್ತು. ಮಗಳಿಗೆ ಆಗ ಆರು ತಿಂಗಳು. ಅವಳನ್ನು ಮೂರು ಕಂಬಳಿಯಲ್ಲಿ ಸುತ್ತಿ, ಉಗುರುಬೆಚ್ಚಗಿನ ನೀರನ್ನು ಚೊಂಬು ಚೊಂಬಾಗಿ ಆ ಕೊಳವೆಯ ಮೇಲೆ ಸುರಿದದ್ದು ಇಂದಿಗೂ ಮರೆತಿಲ್ಲ. ವಸಂತ ಬಂದ ಕೂಡಲೇ ಕೊಳವೆಯನ್ನು ಮನೆಯ ಒಳಗಿನಿಂದಲೇ ಸಿಂಕಿನ ಕೊಳವೆಗೆ ಸೇರಿಸಿದೆವು. ಆಮೇಲೆ ಒಮ್ಮೆಯೂ ಕಟ್ಟಲಿಲ್ಲ.

ಈಗ ನೀವು ಕಳಿಸಿದ ನಕ್ಷೆಯನ್ನು ಮತ್ತೊಮ್ಮೆ ನೋಡಿ. ಆ ಕಪಾಟಿನ ಹಿಂಗೋಡೆಯ ಆಚೆ ಇರುವುದು ನಿಮ್ಮ ಸ್ನಾನದ ಮನೆಯ ಕೈತೊಳೆಯುವ ಬೇಸಿನ್! ಗೋಡೆಗೆ ಒಂದು ಸಣ್ಣ ರಂಧ್ರ ಕೊರೆದು, 22 ಮಿಲಿಮೀಟರಿನ ಕೊಳವೆಯನ್ನು ಮೀಟರಿಗೆ ಸುಮಾರು 45 ಮಿಲಿಮೀಟರ್ ಇಳಿಜಾರು ಕೊಟ್ಟು ಬೇಸಿನ್ನಿನ ಕೆಳಗಿನ ಕೊಳವೆಗೆ ಸೇರಿಸಬಹುದೇ ಎಂದು ಮುಂದೆ ಬರುವವರನ್ನು ಕೇಳಿ. ಇಡೀ ದಾರಿ ಬೆಚ್ಚಗಿನ ಮನೆಯೊಳಗೇ ಇರುತ್ತದೆ. ಪಂಪ್ ಇಟ್ಟು ಸಿಂಕಿನವರೆಗೆ ತಳ್ಳೋಣ ಎಂದು ಯಾರಾದರೂ ಹೇಳಿದರೆ ಅದನ್ನು ಕೊನೆಯ ಉಪಾಯವಾಗಿ ಇಟ್ಟುಕೊಳ್ಳಿ. ಪಂಪ್ ಸದ್ದು ಮಾಡುತ್ತದೆ, ಅದು ಕೆಟ್ಟರೆ ಬಾಯ್ಲರ್ ಕೂಡ ನಿಲ್ಲುತ್ತದೆ.

ಹೊಗೆಯದು ಇದಕ್ಕಿಂತ ಕಠಿಣ. ಈಗಿನ ಹೊಗೆಕೊಳವೆ ಓಣಿಯ ಸುಳ್ಳು ಛಾವಣಿಯೊಳಗೆ (ಫಾಲ್ಸ್ ಸೀಲಿಂಗ್) ಸುಮಾರು ಎರಡೂವರೆ ಮೀಟರ್ ಸಾಗಿ, ಎಲ್ಲರೂ ಓಡಾಡುವ ಮೊಗಸಾಲೆಯ ಕಡೆಗೆ ಬಾಯಿ ತೆರೆಯುತ್ತದೆ, ಪಕ್ಕದ ಮನೆಯ ಕಿಟಕಿಗೆ ಒಂದು ಗೇಣು ದೂರದಲ್ಲಿ ಎಂದು ಬರೆದಿದ್ದೀರಿ. ಹಳೆಯ ಕೊಳವೆಯನ್ನು ಹೊಸ ಬಾಯ್ಲರ್‌ಗೆ ಬಳಸುವಂತಿಲ್ಲ, ಅದರ ಜೊತೆಗೇ ಪರೀಕ್ಷೆಯಾದ ಕೊಳವೆಯೇ ಬೇಕು. ತೆರೆಯುವ ಕಿಟಕಿಯಿಂದ ಅದರ ಬಾಯಿ ಕನಿಷ್ಠ 300 ಮಿಲಿಮೀಟರ್ ದೂರ ಇರಬೇಕು, ಎದುರಿನ ಗೋಡೆಯಿಂದ 600 ಮಿಲಿಮೀಟರ್. ನಿಮ್ಮ ಒಂದು ಗೇಣು ಸಾಲದು. ಆದರೆ ಹೊಗೆಯ ಬಾಯಿಯನ್ನು ಮಾತ್ರ ಗೋಡೆಯ ಗುಂಟ ಆಚೆಗೆ ಒಯ್ಯುವ ಕಿಟ್ ಅನೇಕ ತಯಾರಕರಲ್ಲಿ ಸಿಗುತ್ತದೆ. ಗಾಳಿ ಹಳೆಯ ಜಾಗದಿಂದಲೇ ಒಳಗೆ ಬರುತ್ತದೆ. ನಿಮ್ಮ ಗೋಡೆಗೆ ಇದು ಹೊಂದಬಹುದು ಎಂದು ನನಗೆ ಅನಿಸುತ್ತದೆ. ಚಳಿಯಲ್ಲಿ ಕಂಡೆನ್ಸಿಂಗ್ ಬಾಯ್ಲರ್ ಬಿಳಿ ಹಬೆಯನ್ನು ಉಗುಳುತ್ತದೆ. ಅದು ಪಕ್ಕದವರ ಕಿಟಕಿಗೆ ಬಡಿಯುತ್ತಿದ್ದರೆ ಅಳತೆ ಸರಿಯಿದ್ದರೂ ನೆರೆಹೊರೆ ಕೆಡುತ್ತದೆ. ಕೆಲಸ ಶುರು ಮಾಡುವ ಮೊದಲು ಅವರ ಬಾಗಿಲು ತಟ್ಟಿ ಒಂದು ಮಾತು ಹೇಳಿ.

ಛಾವಣಿಯೊಳಗೆ ಅಡಗಿದ ಕೊಳವೆಗೆ ಇನ್ನೊಂದು ನಿಯಮವಿದೆ. ಅದರ ಕೀಲುಗಳನ್ನು ಕಣ್ಣಿಂದ ನೋಡಲು ಕನಿಷ್ಠ 300 ಮಿಲಿಮೀಟರ್ ಚದರದ ಮುಚ್ಚಳಗಳು ಛಾವಣಿಯಲ್ಲಿ ಇರಬೇಕು, ಯಾವ ಕೀಲೂ ಮುಚ್ಚಳದಿಂದ ಒಂದೂವರೆ ಮೀಟರಿಗಿಂತ ದೂರ ಇರಬಾರದು. ಅಂದಗೆಡುತ್ತದೆ ಎಂದು ಇದನ್ನು ಬಿಡಬೇಡಿ. ಆ ಕೀಲು ಸಡಿಲವಾದರೆ ಸೋರುವುದು ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಹೊಸ ಬಾಯ್ಲರ್ ಜೊತೆಗೆ ಅದರ ಅಲಾರಂ ಹಾಕುವುದು ಇಂಗ್ಲೆಂಡಿನಲ್ಲಿ 2022ರ ಅಕ್ಟೋಬರ್‌ನಿಂದ ಕಡ್ಡಾಯ.

ಇನ್ನು 35 ಕಿಲೋವ್ಯಾಟ್ ಬೇಕೇ? ಬೇಡ ಎಂದೇ ನನ್ನ ಅಭಿಪ್ರಾಯ. ಮೇಲೆ, ಕೆಳಗೆ, ಪಕ್ಕದಲ್ಲಿ ಬೆಚ್ಚಗಿನ ಮನೆಗಳಿರುವ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಕೋಣೆ ಬೆಚ್ಚಗಿಡುವ ರೇಡಿಯೇಟರ್‌ಗಳಿಗೆ ಐದಾರು ಕಿಲೋವ್ಯಾಟ್ ಧಾರಾಳ. ನಲ್ಲಿ ತಿರುಗಿಸಿದೊಡನೆ ನೀರು ಕಾಯಿಸುವ ‘ಕಾಂಬಿ’ ಬಗೆಯ ಬಾಯ್ಲರ್‌ನ ಗಾತ್ರವನ್ನು ನಿಜವಾಗಿ ನಿರ್ಧರಿಸುವುದು ಸ್ನಾನದ ನೀರು. 24 ಕಿಲೋವ್ಯಾಟ್‌ನ ಕಾಂಬಿ ನಿಮಿಷಕ್ಕೆ ಸುಮಾರು 9.8 ಲೀಟರ್ ನೀರನ್ನು 35 ಡಿಗ್ರಿಯಷ್ಟು ಬಿಸಿ ಮಾಡುತ್ತದೆ. ಜನವರಿಯಲ್ಲಿ 5 ಡಿಗ್ರಿಯಲ್ಲಿ ಬಂದ ನೀರು 40 ಆಗುತ್ತದೆ, ಸ್ನಾನಕ್ಕೆ ಹದ. ಬೆಳಿಗ್ಗೆ ಏಳು ಗಂಟೆಗೆ, ಎಲ್ಲರೂ ನೀರು ಬಳಸುವ ಹೊತ್ತಿನಲ್ಲಿ, ತಣ್ಣೀರಿನ ನಲ್ಲಿಯನ್ನು ಪೂರ್ತಿ ತೆರೆದು ಬಕೆಟ್ ಹಿಡಿಯಿರಿ. ಒಂದು ನಿಮಿಷಕ್ಕೆ ಹತ್ತೇ ಲೀಟರ್ ಬಂದರೆ, ಬೀದಿಯ ಕೊಳವೆಯೇ ಕೊಡದ ನೀರನ್ನು ಯಾವ ದೊಡ್ಡ ಬಾಯ್ಲರ್ ತಾನೆ ಕೊಟ್ಟೀತು?

ದೊಡ್ಡದನ್ನು ಹಾಕಿದರೆ ಹೊಸ ತೊಡಕೂ ಹುಟ್ಟುತ್ತದೆ. ನಿಮ್ಮ ಅನಿಲದ ಮೀಟರ್ ನೆಲಮಹಡಿಯ ಕೋಣೆಯಲ್ಲಿದೆ. ಅಲ್ಲಿಂದ ಬಾಯ್ಲರ್ ತಲುಪುವಷ್ಟರಲ್ಲಿ ಅನಿಲದ ಒತ್ತಡ 1 ಮಿಲಿಬಾರ್‌ಗಿಂತ ಹೆಚ್ಚು ಕುಸಿಯಬಾರದು. ಹೆಚ್ಚು ಅನಿಲ ಸೇದುವ ಬಾಯ್ಲರ್‌ಗೆ ದಪ್ಪ ಕೊಳವೆ ಬೇಕಾಗುತ್ತದೆ, ದಪ್ಪ ಕೊಳವೆಯನ್ನು ಎಲ್ಲರ ಮೆಟ್ಟಿಲಿನ ಗೋಡೆಯಲ್ಲಿ ಎಳೆಯಬೇಕಾಗುತ್ತದೆ. ಚಿಕ್ಕದನ್ನು ಆರಿಸಿಕೊಂಡರೆ ಈಗಿನ ಕೊಳವೆಯೇ ಸಾಕಾಗಬಹುದು; ಅಳೆದು ನೋಡಿ ಎಂದು ಹೇಳಿ. ಉರಿಯನ್ನು 3 ಕಿಲೋವ್ಯಾಟ್‌ನಷ್ಟಕ್ಕೆ ತಗ್ಗಿಸಬಲ್ಲದನ್ನು ಹುಡುಕಿ, ಇಲ್ಲದಿದ್ದರೆ ಅದು ಗಳಿಗೆಗೊಮ್ಮೆ ಹತ್ತಿ ಆರಿ ಬೇಗ ಸವೆಯುತ್ತದೆ.

ವಿದ್ಯುತ್ ಬಾಯ್ಲರ್‌ಗೆ ಹೊಗೆಯಿಲ್ಲ, ಹೊಗೆಕೊಳವೆಯಿಲ್ಲ, ನಿಜ. ಆದರೆ 12 ಕಿಲೋವ್ಯಾಟ್‌ನದು 52 ಆಂಪಿಯರ್ ಎಳೆಯುತ್ತದೆ. ನಿಮ್ಮ ಮುಖ್ಯ ಫ್ಯೂಸ್ 60ರದಾಗಿದ್ದರೆ ಒಲೆ ಹಚ್ಚಲೂ ಯೋಚಿಸಬೇಕು. ಈಚಿನ ವರ್ಷಗಳಲ್ಲಿ ಇಲ್ಲಿ ವಿದ್ಯುತ್ತಿನ ಯೂನಿಟ್ ಅನಿಲದ ಯೂನಿಟ್ಟಿನ ನಾಲ್ಕು ಪಟ್ಟಿನ ಆಸುಪಾಸಿನಲ್ಲಿದೆ. ಹೊಗೆಗೆ ದಾರಿಯೇ ಇಲ್ಲ ಎಂದು ಖಚಿತವಾದ ಮೇಲೆ ಮಾತ್ರ ಆ ಕಡೆ ನೋಡಿ.

ಗೋಡೆ ಯಾರದು ಎಂಬುದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ನಿಮ್ಮದು ಲೀಸ್‌ಹೋಲ್ಡ್, ಅಂದರೆ ದೀರ್ಘ ಗುತ್ತಿಗೆಯ ಮೇಲೆ ಕೊಂಡ ಮನೆ. ಒಳಗಿನ ಬಣ್ಣ ನಿಮ್ಮದು, ಹೊರಗೋಡೆ ಸಾಮಾನ್ಯವಾಗಿ ಫ್ರೀಹೋಲ್ಡರ್‌ನದು, ಅಂದರೆ ಕಟ್ಟಡದ ಒಡೆಯರದು. ಹೊಸ ರಂಧ್ರ ಕೊರೆಯಲು, ಹೊಗೆಯ ಬಾಯಿ ಸರಿಸಲು ಲಿಖಿತ ಒಪ್ಪಿಗೆ ಬೇಕು, ಅದಕ್ಕೆ ವಾರಗಳು ಹಿಡಿಯುತ್ತವೆ. ನನಗೆ ಗೊತ್ತಿರುವ ಒಂದು ಕುಟುಂಬ ಒಪ್ಪಿಗೆಯಿಲ್ಲದೆ ಕೊರೆಸಿ, ಮನೆ ಮಾರುವಾಗ ಕೊಳ್ಳುವವರ ವಕೀಲರ ಪ್ರಶ್ನೆಗೆ ಉತ್ತರವಿಲ್ಲದೆ ತಿಂಗಳುಗಟ್ಟಲೆ ಒದ್ದಾಡಿತು. ಲೀಸಿನ ಕಾಗದ ತೆಗೆದು ಇಂದೇ ಓದಿ, ಇಂದೇ ಪತ್ರ ಬರೆಯಿರಿ.

ಕೆಲಸಕ್ಕೆ ಬರುವವರು ಅನಿಲದ ಕೆಲಸಗಾರರ ಅಧಿಕೃತ ಪಟ್ಟಿಯಾದ ಗ್ಯಾಸ್ ಸೇಫ್ ರಿಜಿಸ್ಟರ್‌ನಲ್ಲಿ ಇರಲೇಬೇಕು, ಅದು ಕಾನೂನು. ಅವರ ಗುರುತಿನ ಚೀಟಿಯ ಹಿಂಬದಿಯನ್ನೂ ನೋಡಿ, ಯಾವ ಕೆಲಸಕ್ಕೆ ಅರ್ಹರು ಎಂಬುದು ಇರುವುದು ಅಲ್ಲಿ. ಕೆಲಸ ಮುಗಿದ ಮೇಲೆ ಅವರು ಅದನ್ನು ನೋಂದಾಯಿಸಬೇಕು. ಕಟ್ಟಡ ನಿಯಮಗಳ ಪ್ರಮಾಣಪತ್ರ ನಿಮ್ಮ ವಿಳಾಸಕ್ಕೆ ಬಂದಾಗ ಜೋಪಾನವಾಗಿಡಿ.

ಈ ವಾರವೇ ಬಕೆಟ್ ಹಿಡಿದು ನೀರು ಅಳೆಯಿರಿ. ಹೊಗೆಯ ಬಾಯಿಯಿಂದ ಪಕ್ಕದ ಕಿಟಕಿಯ ಅಂಚಿಗೆ ಟೇಪ್ ಹಿಡಿಯಿರಿ, ಎದುರಿನ ಗೋಡೆಗೂ ಹಿಡಿಯಿರಿ. ಮುಖ್ಯ ಫ್ಯೂಸಿನ ಮೇಲಿನ ಸಂಖ್ಯೆಯ ಚಿತ್ರ ತೆಗೆಯಿರಿ. ಇವನ್ನೆಲ್ಲ ನನಗೆ ಕಳಿಸಿ. ನಾಲ್ಕನೆಯವರನ್ನು ಕರೆಸುವ ಮೊದಲು ಅವರಿಗೆ ಕೇಳಬೇಕಾದ ಪ್ರಶ್ನೆಗಳನ್ನು ಇಬ್ಬರೂ ಕೂತು ಬರೆದುಕೊಳ್ಳೋಣ.